ಕಾಡಂಚಿನ ಆಸ್ಪತ್ರೆಗೆ ಪಿಸಿಆರ್ ಯಂತ್ರ

ಪ್ರಶ್ನೆ: ನಮ್ಮ ಭಾಗದಲ್ಲಿ ಮಂಗನ ಕಾಯಿಲೆಯ ಶಂಕೆ ಬಂದರೆ ರೋಗಿಯ ರಕ್ತದ ಮಾದರಿಯನ್ನು ದೂರದ ಪ್ರಯೋಗಾಲಯಕ್ಕೆ ಕಳುಹಿಸಿ ಕಾಯಬೇಕಾಗುತ್ತದೆ. ಅಲ್ಲಿರುವ ಪಿಸಿಆರ್ ಯಂತ್ರವನ್ನೇ ಊರಿನ ಆರೋಗ್ಯ ಕೇಂದ್ರದಲ್ಲಿ ಇರಿಸಲು ಏನು ಅಡ್ಡಿ? ಪೆಟ್ಟಿಗೆಯಷ್ಟೇ ಇರುವ ಚಿಕ್ಕ ಯಂತ್ರಗಳ ಫಲಿತಾಂಶವನ್ನು ನಂಬಬಹುದೇ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಯಂತ್ರವನ್ನು ಹೊತ್ತು ತರುವುದು ಸುಲಭ, ಅದು ನೆಚ್ಚಿಕೊಂಡಿರುವ ಕೋಣೆಯನ್ನು ತರುವುದು ಕಷ್ಟ. ಮಾದರಿಯಲ್ಲಿ ವೈರಾಣುವಿನ ಆನುವಂಶಿಕ ತುಣುಕು ಎಷ್ಟೇ ಅಲ್ಪವಾಗಿದ್ದರೂ ಅದನ್ನು ಗುರುತಿಸುವಷ್ಟು ಹೆಚ್ಚಿಸಲು, ಪಿಸಿಆರ್ ಯಂತ್ರವು ದ್ರಾವಣವನ್ನು ಸುಮಾರು 95 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, 60 ಡಿಗ್ರಿಯ ಆಸುಪಾಸಿಗೆ ಇಳಿಸುವ ಕೆಲಸವನ್ನು ಹತ್ತಾರು ಬಾರಿ ಮಾಡುತ್ತದೆ. ಇದಕ್ಕೆ ಕಡಿತವಿಲ್ಲದ ವಿದ್ಯುತ್ ಬೇಕು. ಆ ತುಣುಕನ್ನು ಹೆಚ್ಚಿಸುವ ಕಿಣ್ವಗಳನ್ನು ಕಾಪಾಡಲು ಫ್ರೀಜರ್ ಬೇಕು. ಒಂದು ಮಾದರಿಯ ಅಂಶ ಇನ್ನೊಂದಕ್ಕೆ ಸೇರದಂತೆ ಪ್ರತ್ಯೇಕ ಕೊಠಡಿಗಳೂ ನುರಿತ ಕೈಗಳೂ ಬೇಕು.

ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್ ರೂಪಿಸಿ, ಗೋವಾದ ಮೋಲ್‌ಬಯೋ ಸಂಸ್ಥೆ ತಯಾರಿಸುತ್ತಿರುವ ಟ್ರೂನ್ಯಾಟ್ ಎಂಬ ಚಿಕ್ಕ ಪಿಸಿಆರ್ ಯಂತ್ರವು ಈ ಅಗತ್ಯಗಳನ್ನೇ ಕಡಿಮೆ ಮಾಡಿಕೊಂಡಿತು. ಪರೀಕ್ಷೆ ಪುಟ್ಟ ಚಿಪ್‌ನ ಮೇಲೆ ಕೆಲವೇ ಮೈಕ್ರೋಲೀಟರ್ ದ್ರವದಲ್ಲಿ ನಡೆಯುವುದರಿಂದ ಕಾಯಿಸಬೇಕಾದ ವಸ್ತು ಬಹಳ ಕಡಿಮೆ, ಹಾಗಾಗಿ ಬ್ಯಾಟರಿಯೇ ಸಾಕಾಗುತ್ತದೆ. ಕಿಣ್ವಗಳನ್ನು ನೀರಿನಂಶ ತೆಗೆದು ಒಣಗಿಸಿರುವುದರಿಂದ ಅವು ಕೋಣೆಯ ಉಷ್ಣತೆಯಲ್ಲೂ ಕೆಡುವುದಿಲ್ಲ. ನನ್ನ ದೃಷ್ಟಿಯಲ್ಲಿ ಈ ಒಣಗಿಸುವಿಕೆಯೇ ಅತಿ ದೊಡ್ಡ ಹೆಜ್ಜೆ. ಬ್ಯಾಟರಿ ಎಷ್ಟು ಉತ್ತಮವಾಗಿದ್ದರೂ ದಾರಿಯಲ್ಲಿ ಕಿಣ್ವ ಹಾಳಾದರೆ ಪರೀಕ್ಷೆಗೆ ಬೆಲೆಯಿಲ್ಲ. ಕ್ಷಯದ ಪತ್ತೆಗಾಗಿ ಇದನ್ನು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಅನುಮೋದಿಸಿತು. ಮಂಗನ ಕಾಯಿಲೆಗೂ ಇದೇ ಯಂತ್ರದಲ್ಲಿ ನಡೆಸುವ ಪರೀಕ್ಷೆ ಸಿದ್ಧವಾಗಿದ್ದು, ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಅದರ ಮೌಲ್ಯಮಾಪನದಲ್ಲಿ ತೊಡಗಿತ್ತು.

ಇನ್ನು ನಂಬಿಕೆಯ ಮಾತು. ಇಂಥ ಪರೀಕ್ಷೆಗಳಲ್ಲಿ ರೋಗಾಣುವಿನ ಜೊತೆಗೆ ಒಂದು ನಿಯಂತ್ರಣ ಅಂಶವನ್ನೂ ಪತ್ತೆ ಮಾಡಲಾಗುತ್ತದೆ. ರೋಗಾಣುವೂ ಕಾಣದೆ, ಖಂಡಿತ ಕಾಣಬೇಕಾಗಿದ್ದ ಆ ಅಂಶವೂ ಕಾಣದಿದ್ದರೆ ಯಂತ್ರವು 'ರೋಗವಿಲ್ಲ' ಎನ್ನದೆ 'ಫಲಿತಾಂಶ ಅಸಿಂಧು' ಎಂದು ತಿಳಿಸುತ್ತದೆ. ತಜ್ಞರು ಪಕ್ಕದಲ್ಲಿಲ್ಲದ ಕಡೆ ಈ ಗುಣವಿಲ್ಲದ ಯಂತ್ರವನ್ನು ನಾನು ಒಪ್ಪಲಾರೆ.

ಆದರೆ ಯಂತ್ರ ಸರಿಯಾಗಿದ್ದರೂ ಕಾಲ ಮೀರಿದರೆ ಪ್ರಯೋಜನವಿಲ್ಲ. ಮಂಗನ ಕಾಯಿಲೆಯ ವೈರಾಣು ರಕ್ತದಲ್ಲಿ ಹೆಚ್ಚಾಗಿ ಸಿಗುವುದು ಜ್ವರದ ಮೊದಲ ದಿನಗಳಲ್ಲಿ. ತಡವಾಗಿ ಬಂದ ರೋಗಿಗೆ ಪಿಸಿಆರ್ 'ಇಲ್ಲ' ಎಂದರೂ ಪ್ರತಿಕಾಯಗಳನ್ನು ಹುಡುಕುವ ಎಲೈಸಾ ಪರೀಕ್ಷೆ ಬೇಕಾಗುತ್ತದೆ. ಆದ್ದರಿಂದ ರಕ್ತ ಕೊಡುವಾಗ ಜ್ವರ ಶುರುವಾದ ದಿನಾಂಕವನ್ನು ಚೀಟಿಯಲ್ಲಿ ತಪ್ಪದೆ ಬರೆಯಿಸಿ.