ನಾಲ್ಕು ಮಿಲಿಮೀಟರ್ ಸಾಕೇ?

ಪ್ರಶ್ನೆ: ಅಪ್ಪನ ಲಿವರ್ ಕ್ಯಾನ್ಸರ್ ಆಪರೇಷನ್ ಆಗಿ ಎರಡು ತಿಂಗಳು. ರಿಪೋರ್ಟಿನಲ್ಲಿ ‘ಅಂಚು 4 ಮಿ.ಮೀ., ಕ್ಯಾನ್ಸರ್ ಇಲ್ಲ’ ಎಂದಿದೆ. ಒಂದು ಸೆಂಟಿಮೀಟರ್ ಬೇಕಿತ್ತೆಂದು ನೆಂಟರೊಬ್ಬರು ಹೆದರಿಸಿದರು. ಅಪ್ಪ ಅಂಗಳಕ್ಕೂ ಇಳಿಯುತ್ತಿಲ್ಲ.
– ಓದುಗ, ಬದಿಯಡ್ಕ

ಉತ್ತರ: ಅಂಚೆಂದರೆ ಗಡ್ಡೆಯ ಸುತ್ತ ಸೇರಿಸಿ ಕೊಯ್ದ ಒಳ್ಳೆಯ ಭಾಗ. ಅದು ಒಂದು ಸೆಂಟಿಮೀಟರ್ ಸಿಕ್ಕರೆ ಒಳ್ಳೆಯದೇ. ಆದರೆ ಸಿರೋಸಿಸ್ ಆದ, ಅಂದರೆ ಕಲೆಗಟ್ಟಿ ಗಟ್ಟಿಯಾದ ಲಿವರನ್ನು ಜಾಸ್ತಿ ಕೊಯ್ದರೆ ಉಳಿದದ್ದು ಸಾಲದು, ಅಲ್ವಾ? ಅಂಚು ಶುದ್ಧವಾಗಿರುವುದೇ ಮೊದಲ ಸಮಾಧಾನ. ಈ ರೋಗ ಮರಳುವುದು ಹೆಚ್ಚಾಗಿ ಕೊಯ್ದ ಅಂಚಿನಲ್ಲಲ್ಲ, ಉಳಿದ ಲಿವರಿನ ಬೇರೆ ಕಡೆ. ನಮ್ಮ ತೋಟದಲ್ಲೂ ಕೊಳೆರೋಗದ ಒಂದು ಗೊನೆ ತೆಗೆದರೆ ಮುಗಿಯುವುದಿಲ್ಲ. 5 ವರ್ಷದಲ್ಲಿ ಅರ್ಧಕ್ಕಿಂತ ಜಾಸ್ತಿ ಜನರಿಗೆ ಮರಳುತ್ತದೆ. ಬೇಗ ಕಂಡರೆ ದಾರಿಗಳಿವೆ. ಮೊದಲ 2 ವರ್ಷ ಮೂರ್ನಾಲ್ಕು ತಿಂಗಳಿಗೊಮ್ಮೆ ಸ್ಕ್ಯಾನ್, ಈ ಕ್ಯಾನ್ಸರಿನ ಸುಳಿವು ಕೊಡುವ ಎಎಫ್‌ಪಿ ರಕ್ತಪರೀಕ್ಷೆ ತಪ್ಪಿಸಬೇಡಿ. ಹೆಪಟೈಟಿಸ್ ಬಿ ಇದ್ದರೆ ಅದರ ಮಾತ್ರೆಯನ್ನೂ. ಅಪ್ಪ ಅಂಗಳಕ್ಕೆ ಇಳಿಯಲಿ. ಅಡಿಕೆ ಮೂಟೆ ಮಾತ್ರ ಈಗಲೇ ಬೇಡ.