ಕೊಳ್ಳುವ ಮೊದಲು ಕ್ಯಾಬಿನೆಟ್ ಬಿಚ್ಚಿ ನೋಡಿ

ಪ್ರಶ್ನೆ: ನನ್ನದು ಕಂಪನಿಯೇ ಜೋಡಿಸಿ ಮಾರಿದ ಡೆಸ್ಕ್‌ಟಾಪ್. ಐ5-9400 ಪ್ರೊಸೆಸರ್, 8 ಜಿಬಿ ರ‍್ಯಾಮ್, ಹಾರ್ಡ್ ಡಿಸ್ಕ್, 260 ವ್ಯಾಟ್ ಪವರ್ ಸಪ್ಲೈ ಇದೆ. ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಕಾರ್ಡ್ ಮತ್ತು 16 ಜಿಬಿ ಡಿಡಿಆರ್5 ರ‍್ಯಾಮ್ ಹಾಕೋಣ ಅಂತಿದ್ದೇನೆ. ಹೊಂದುತ್ತವೆಯೇ?

ಉತ್ತರ: ರ‍್ಯಾಮ್ ಹೊಂದುವುದಿಲ್ಲ. ಡಿಡಿಆರ್4, ಡಿಡಿಆರ್5 ಅಂದರೆ ರ‍್ಯಾಮ್‌ನ ಎರಡು ತಲೆಮಾರು; ಎರಡಕ್ಕೂ 288 ಪಿನ್ ಇವೆ, ನೋಡಲು ಅಕ್ಕತಂಗಿಯರಂತೆ ಇರುತ್ತವೆ, ಆದರೆ ನಡುವಿನ ಕಚ್ಚು ಬೇರೆ ಬೇರೆ ಜಾಗದಲ್ಲಿದೆ. ಒತ್ತಿ ಕೂರಿಸಲು ಹೋಗಬೇಡಿ. ನಿಮಗೆ ಬೇಕಾದದ್ದು ಡಿಡಿಆರ್4. ಈ ಪ್ರೊಸೆಸರ್ 2666ರ ವೇಗಕ್ಕಿಂತ ಮೇಲೆ ಹೋಗುವುದಿಲ್ಲ, ಹಾಗಾಗಿ 3200 ವೇಗದ ರ‍್ಯಾಮ್‌ಗೆ ಜಾಸ್ತಿ ದುಡ್ಡು ಕೊಡುವುದು ದಂಡ. ಟಾಸ್ಕ್ ಮ್ಯಾನೇಜರ್‌ನಲ್ಲಿ ಮೆಮೊರಿ ಭಾಗ ತೆರೆದರೆ ಎಷ್ಟು ಸ್ಲಾಟ್ ಖಾಲಿ ಇದೆ ಅಂತ ಕಾಣುತ್ತದೆ.

ಕಾರ್ಡ್ ವಿಷಯದಲ್ಲಿ ನಿಜವಾದ ತಲೆನೋವು ಪವರ್ ಸಪ್ಲೈ. 4060 ಒಂದೇ 115 ವ್ಯಾಟ್ ಎಳೆಯುತ್ತದೆ, ಇಡೀ ಕಂಪ್ಯೂಟರ್‌ಗೆ 550 ವ್ಯಾಟ್ ಇರಲಿ ಅಂತ ಎನ್‌ವಿಡಿಯಾ ಹೇಳುತ್ತದೆ. ಆ ಲೆಕ್ಕದಲ್ಲಿ ಸ್ವಲ್ಪ ಅತಿಯಾದ ಎಚ್ಚರಿಕೆ ಇದೆ ಅಂದುಕೊಂಡರೂ, ಮದರ್‌ಬೋರ್ಡ್ ಸ್ಲಾಟ್ ಕೊಡುವುದು ಹೆಚ್ಚೆಂದರೆ 75 ವ್ಯಾಟ್, ಉಳಿದದ್ದು ಬೇರೆ ವೈರ್‌ನಿಂದ ಬರಬೇಕು, ಅದಕ್ಕೆ 8 ಪಿನ್‌ನ ವೈರ್ ಬೇಕು, ಇಷ್ಟು ಚಿಕ್ಕ ಸಪ್ಲೈಗಳಲ್ಲಿ ಸಾಮಾನ್ಯವಾಗಿ ಅದು ಇರುವುದೇ ಇಲ್ಲ. ಹಾರ್ಡ್ ಡಿಸ್ಕ್‌ಗೆ ಕರೆಂಟ್ ಕೊಡುವ ಸಾಟಾ ವೈರ್‌ಗೆ ಅಡಾಪ್ಟರ್ ಸಿಕ್ಕಿಸಿದರೆ ಆಯ್ತಲ್ವಾ ಅನ್ನಬೇಡಿ. ಸಾಟಾ ಪ್ಲಗ್ ತಾಳುವುದು ಸುಮಾರು 54 ವ್ಯಾಟ್, ಅದರ ಮೇಲೆ ಎಳೆದರೆ ಪ್ಲಗ್ ಕರಗಬಹುದು.

ಹಾಗಾದರೆ ಸಪ್ಲೈಯನ್ನೇ ಬದಲಿಸೋಣ ಅಂದರೆ ಅಲ್ಲೂ ಒಂದು ಕೊಕ್ಕೆ. ಅಂಗಡಿಯಲ್ಲಿ ಸಿಗುವ ಮಾಮೂಲಿ ಅಳತೆಯ, ಅಂದರೆ ಎಟಿಎಕ್ಸ್ ಸಪ್ಲೈ ಮದರ್‌ಬೋರ್ಡ್‌ಗೆ 24 ಪಿನ್ ಪ್ಲಗ್‌ನಿಂದ ಸೇರುತ್ತದೆ. ಕಂಪನಿ ಜೋಡಿಸಿದ ಎಷ್ಟೋ ಮಾದರಿಗಳಲ್ಲಿ ಆ ಜಾಗದಲ್ಲಿ 6 ಪಿನ್ನೋ 8 ಪಿನ್ನೋ ಇರುವ, ಆ ಕಂಪನಿಯದ್ದೇ ಪ್ಲಗ್ ಇರುತ್ತದೆ. ನಾನೂ ಒಮ್ಮೆ ಹೊಸ ಸಪ್ಲೈ ತಂದು, ಹಳೆಯದನ್ನು ಬಿಚ್ಚಿ ಪಕ್ಕಕ್ಕಿಟ್ಟ ಮೇಲೆ ಇದನ್ನು ಗಮನಿಸಿದೆ. ಮುಚ್ಚಳ ತೆಗೆದು ಆ ಪ್ಲಗ್‌ನ ಪಿನ್‌ಗಳನ್ನು ಎಣಿಸಿಬಿಡಿ, ಐದು ನಿಮಿಷದ ಕೆಲಸ. ಎಟಿಎಕ್ಸ್ ಪೆಟ್ಟಿಗೆ 150 ಮಿ.ಮೀ. ಅಗಲ, 86 ಮಿ.ಮೀ. ಎತ್ತರ ಇರುತ್ತದೆ, ಅಷ್ಟು ಜಾಗ ಇದೆಯಾ ಅಂತಲೂ ಅಳೆಯಿರಿ.

ಟೇಪ್ ಕೈಯಲ್ಲಿದ್ದಾಗಲೇ ಹಿಂಬದಿಯ ಸ್ಲಾಟ್‌ನಿಂದ ಮುಂದೆ ಅಡ್ಡ ಬರುವ ಮೊದಲ ವಸ್ತುವಿನವರೆಗೆ ಎಷ್ಟು ಉದ್ದ ಸಿಗುತ್ತದೆ ಅಂತ ನೋಡಿ. ಸಾಮಾನ್ಯವಾಗಿ ಅಡ್ಡ ಬರುವುದು ಹಾರ್ಡ್ ಡಿಸ್ಕ್ ಇಡುವ ತಟ್ಟೆ. ಒಂದೇ 4060 ಅನ್ನು ಬೇರೆ ಬೇರೆ ತಯಾರಕರು ಬೇರೆ ಬೇರೆ ಉದ್ದದಲ್ಲಿ ಮಾಡುತ್ತಾರೆ, ಆದ್ದರಿಂದ ನೀವು ಕೊಳ್ಳುವ ಅದೇ ಮಾದರಿಯ ಅಳತೆ ಬೇಕು. ಕ್ಯಾಬಿನೆಟ್ ತೆಳ್ಳಗಿದ್ದರೆ ಅರ್ಧ ಎತ್ತರದ ಕಾರ್ಡ್ ಮಾತ್ರ ಹಿಡಿಯುತ್ತದೆ.

ನನ್ನನ್ನು ಕೇಳಿದರೆ 4060 ಕೈಬಿಡಿ. ಆರ್‌ಟಿಎಕ್ಸ್ 3050ರ 6 ಜಿಬಿ ಮಾದರಿ 70 ವ್ಯಾಟ್‌ನಲ್ಲೇ ಓಡುತ್ತದೆ, ಬೇರೆ ವೈರ್ ಕೇಳದ ಕಾರ್ಡ್‌ಗಳೇ ಅದರಲ್ಲಿ ಹೆಚ್ಚು. 8 ಜಿಬಿಯದು ಬೇಡ, ಹೆಸರು ಒಂದೇ ಆದರೂ ಅದು 130 ವ್ಯಾಟ್. ಅದಕ್ಕೂ ಮೊದಲು ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ ಹಾಕಿ, ಕಂಪ್ಯೂಟರ್ ಚುರುಕಾಗುವುದು ಅದರಿಂದಲೇ.

ಪ್ರಶ್ನೆ: ನನ್ನದೂ 9ನೇ ತಲೆಮಾರಿನ ಐ5. ಇದೇ ಬೋರ್ಡ್‌ಗೆ 12ನೇ ತಲೆಮಾರಿನ ಪ್ರೊಸೆಸರ್ ಕೂರುತ್ತದೆಯೇ?

ಉತ್ತರ: ಇಲ್ಲ. ಪ್ರೊಸೆಸರ್ ಕೂರುವ ನಿಮ್ಮ ಸಾಕೆಟ್ ಎಲ್‌ಜಿಎ 1151, 12ನೆಯದಕ್ಕೆ ಬೇಕಾದದ್ದು ಎಲ್‌ಜಿಎ 1700. ಐ7-9700 ಕೂರಬಹುದು, ಅದೂ 65 ವ್ಯಾಟ್‌ನದ್ದೇ, ಆದರೆ ನಿಮ್ಮ ಮಾದರಿಯನ್ನು ಐ7 ಜೊತೆಗೂ ಮಾರುತ್ತಿದ್ದರಾ ಅಂತ ಮೊದಲು ನೋಡಿ. ಮಾರಿದ್ದರೆ ಬಯಾಸ್ (ಆನ್ ಮಾಡಿದಾಗ ಮೊದಲು ಓಡುವ, ಬೋರ್ಡ್‌ನಲ್ಲೇ ಇರುವ ಸಾಫ್ಟ್‌ವೇರ್) ತಕರಾರು ಮಾಡುವ ಸಾಧ್ಯತೆ ಕಡಿಮೆ.