ಇಂಗ್ಲೆಂಡಿನ ಫುಟ್‌ಬಾಲ್‌ನ ನಾಲ್ಕನೇ ಹಂತವಾದ ಲೀಗ್ ಟೂ ಪಂದ್ಯಗಳ ಮೇಲೆ ಬೆಟ್ ಕಟ್ಟಿ ಗೆಲ್ಲುವುದು ಮೊದಲ ಹಂತದ ಪ್ರೀಮಿಯರ್ ಲೀಗ್‌ಗಿಂತ ಸುಲಭವೇ?

ಅರ್ಧ ನಿಜ. ಕೆಳಗಿನ ಲೀಗ್‌ಗಳ ಸುದ್ದಿ ಹೆಚ್ಚು ಹರಡುವುದಿಲ್ಲ. ಗೋಲ್‌ಕೀಪರ್ ಕಾಲು ಉಳುಕಿದ್ದು ಬುಕ್ಕಿಗಿಂತ ಮೊದಲು ಊರಿನವರಿಗೆ ಗೊತ್ತಾಗಬಹುದು. ಆದರೆ ಬುಕ್ಕಿ ಪೆದ್ದನಲ್ಲ. ಇಂಥ ಪಂದ್ಯಗಳಲ್ಲಿ ಕಟ್ಟುವ ಹಣಕ್ಕೆ ಮಿತಿ ಹಾಕುತ್ತಾನೆ, ತನ್ನ ಪಾಲನ್ನೂ ಹೆಚ್ಚಿಸಿಕೊಳ್ಳುತ್ತಾನೆ. ಗೆಲುವು, ಡ್ರಾ, ಸೋಲಿಗೆ ದರ (ಕಟ್ಟಿದ ಒಂದು ರೂಪಾಯಿಗೆ ಗೆದ್ದರೆ ಮರಳುವ ಒಟ್ಟು ಹಣ) 2.40, 3.20, 2.80 ಎಂದಿಟ್ಟುಕೊಳ್ಳಿ. 100ನ್ನು ಒಂದೊಂದರಿಂದ ಭಾಗಿಸಿ ಕೂಡಿದರೆ ಸುಮಾರು 108.6. ನೂರರ ಮೇಲಿನದ್ದೇ ಅವನ ಲಾಭ.

ಇನ್ನು ಫಲಿತಾಂಶಕ್ಕೆ ಸಂಬಂಧವೇ ಇಲ್ಲದ ಚಿಲ್ಲರೆ ಬೆಟ್‌ಗಳಂತೂ ಬೇಡವೇ ಬೇಡ. 2017ರ ಎಫ್‌ಎ (ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ) ಕಪ್‌ನಲ್ಲಿ ಆರ್ಸೆನಲ್ ವಿರುದ್ಧ ಆಡುವಾಗ ಸಟನ್ ಯುನೈಟೆಡ್‌ನ ಮೀಸಲು ಗೋಲ್‌ಕೀಪರ್ ವೇಯ್ನ್ ಶಾ ಪೈ ತಿಂದರು (ಹೌದು, ಪಂದ್ಯ ನಡೆಯುತ್ತಿದ್ದಾಗಲೇ!). ಅದರ ಮೇಲೆ ಒಂದಕ್ಕೆ ಎಂಟರ ಬೆಟ್ ಇತ್ತು. ಬೆಟ್ಟಿಂಗ್ ನಿಯಮ ಮುರಿದಿದ್ದಕ್ಕೆ ಎಫ್‌ಎ ಅವರಿಗೆ 375 ಪೌಂಡ್ ದಂಡ ಹಾಕಿ, ಎರಡು ತಿಂಗಳು ನಿಷೇಧಿಸಿತು.